ಬಂದ ಮಳೆ, ಬಾರದ ಮಳೆ

ಮೈಸೂರು ಸೀಮೆಯಲ್ಲಿ ಒಮ್ಮೆ ಮಳೆರಾಯ ಮುನಿದನು. ಕೆರೆಗಳು ಒಣಗಿದವು, ಬಾವಿಗಳು ತಳ ಕಂಡವು. ಸಾವಿರಾರು ಎಕರೆ ಗದ್ದೆಗಳಿಗೆ ನೀರುಣಿಸುವ ಕೃಷ್ಣರಾಜಸಾಗರದ ಒಡಲೇ ಬಿರಿದು, ಎಷ್ಟೋ ವರ್ಷಗಳಿಂದ ನೀರಿನಡಿಯಲ್ಲಿ ಮರೆಯಾಗಿದ್ದ ಹಳೆಯ ದೇವಾಲಯವೊಂದು ಹಗಲ ಬೆಳಕಿಗೆ ಬಂದಿತು. ಮನುಷ್ಯಪ್ರಯತ್ನವೆಲ್ಲ ಮುಗಿದ ಮೇಲೆ ಉಳಿಯುವುದು ದೇವರ ಮೊರೆಯೊಂದೇ ತಾನೆ? ಪುರಸಭೆಯವರೇ ಮುಂದಾಗಿ ಮಳೆಗಾಗಿ ಜಪವನ್ನು ಏರ್ಪಡಿಸಿದರು. ಬತ್ತಿದ ಕಾವೇರಿಯ ಪಾತ್ರದಲ್ಲಿ, ಬಹಳ ಹಣ ತೆತ್ತು ತರಿಸಿದ ಮೊಣಕಾಲುದ್ದ ನೀರಿನಲ್ಲಿ ನಿಂತು, ಬ್ರಾಹ್ಮಣರ ತಂಡವೊಂದು ಉಪವಾಸವಿದ್ದು ಹನ್ನೊಂದು ದಿನ ಎಡೆಬಿಡದೆ ಮಂತ್ರಗಳನ್ನು ಪಠಿಸಿತು. ಹನ್ನೆರಡನೆಯ ದಿನ ಮಳೆ ಬಂದಿತು.

ಇದನ್ನು ಬರೆದಿಟ್ಟವರು ಕಾದಂಬರಿಕಾರ ಆರ್. ಕೆ. ನಾರಾಯಣ್. 1974ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಅವರು ಈ ಪ್ರಸಂಗವನ್ನು ನೆನೆದು, ‘ದಿ ಗೈಡ್’ ಕಾದಂಬರಿಯ ಬೀಜ ಬಿದ್ದುದು ಇಲ್ಲಿಯೇ ಎಂದಿದ್ದಾರೆ. ನೀರನ್ನು ಬೇಡುವುದಕ್ಕಾಗಿ ಮೊದಲು ನೀರನ್ನು ಕೊಂಡು ತರಬೇಕಾಯಿತೆಂಬ ವಿನೋದ ಅವರ ಕಣ್ಣಿಗೆ ಬೀಳದೆ ಹೋದೀತೆ? ಆದರೆ ಅವರು ನಗುತ್ತ ಅಲ್ಲಿಗೇ ನಿಲ್ಲಲಿಲ್ಲ. ಹೀಗೆ ನೀರಿನಲ್ಲಿ ನಿಂತವನು ಭಕ್ತನಾಗಿರದೆ, ಜನರ ಬಲವಂತಕ್ಕೆ ಸಿಕ್ಕಿ ಸಂತನಾದ ಒಬ್ಬ ಸಾಮಾನ್ಯನಾಗಿದ್ದರೆ? ಅವನ ಪ್ರಾರ್ಥನೆಗೆ ಮಳೆ ಬರುವುದೇ, ಬಾರದೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊತ್ತು ಅವರು 1956ರಲ್ಲಿ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಹೋಟೆಲೊಂದರ ಕೋಣೆಯಲ್ಲಿ, ಕಾವೇರಿಯಿಂದ ಸಾವಿರಾರು ಮೈಲಿಗಳಾಚೆ ಕುಳಿತು, ಕಾದಂಬರಿಯನ್ನು ಬರೆದರು. 1958ರಲ್ಲಿ ಅದು ಅಚ್ಚಾಯಿತು. 1960ರಲ್ಲಿ ಅದಕ್ಕೆ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಇಂಗ್ಲಿಷಿನಲ್ಲಿ ಬರೆದ ಭಾರತೀಯನೊಬ್ಬನಿಗೆ ಆ ಗೌರವ ದೊರೆತುದು ಅದೇ ಮೊದಲು.

ಚಿತ್ರವನ್ನು ಮಾತ್ರ ನೋಡಿದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದಾದರೆ ಹೀಗಿದೆ: ಮಾಲ್ಗುಡಿಯ ರೈಲ್ವೆ ನಿಲ್ದಾಣದಲ್ಲಿ ಅಂಗಡಿ ಇಟ್ಟಿದ್ದವನ ಮಗ ರಾಜು. ಬಂದ ಪ್ರವಾಸಿಗರಿಗೆ ಊರು ತೋರಿಸುತ್ತ, ಗೊತ್ತಿಲ್ಲದುದನ್ನೂ ಗೊತ್ತಿದೆಯೆಂಬಂತೆ ಹೇಳುತ್ತ ಬೆಳೆದವನು. ಗುಹೆಗಳ ಸಂಶೋಧನೆಗೆಂದು ಬಂದ ವಿದ್ವಾಂಸನೊಬ್ಬನ ಹೆಂಡತಿ ರೋಸಿ. ದೇವದಾಸಿಯರ ಕುಲದಲ್ಲಿ ಹುಟ್ಟಿದ ನರ್ತಕಿ. ಗಂಡ ಅವಳ ನೃತ್ಯವನ್ನು ಕಡೆಗಣಿಸಿದನು, ರಾಜು ಕೈಹಿಡಿದನು. ಅವಳು ದೊಡ್ಡ ಕಲಾವಿದೆಯಾದಳು, ರಾಜು ಅವಳ ವ್ಯವಹಾರಗಳ ಒಡೆಯನಾದನು. ಕೊನೆಗೊಮ್ಮೆ ಅವಳ ಸಹಿಯನ್ನು ತಾನೇ ಹಾಕಿ ಸಿಕ್ಕಿಬಿದ್ದು, ಎರಡು ವರ್ಷ ಸೆರೆಮನೆಯಲ್ಲಿ ಕಳೆದನು. ಹೊರಬಂದು ಎಲ್ಲಿಗೆ ಹೋಗಬೇಕೆಂದು ತೋರದೆ ನದಿಯ ದಡದ ಪಾಳು ಗುಡಿಯಲ್ಲಿ ಕುಳಿತಿದ್ದಾಗ, ಹಳ್ಳಿಯವನೊಬ್ಬನು ಅವನನ್ನು ಸ್ವಾಮಿಯೆಂದು ತಿಳಿದನು. ಮಳೆ ಹೋಯಿತು. ಹಳ್ಳಿಯಲ್ಲಿ ಹೊಡೆದಾಟವಾಯಿತು. ‘ನೀವು ಜಗಳ ನಿಲ್ಲಿಸುವ ತನಕ ಉಣ್ಣುವುದಿಲ್ಲ’ ಎಂಬರ್ಥದಲ್ಲಿ ರಾಜು ಆಡಿದ ಮಾತನ್ನು, ಬುದ್ಧಿ ಸಾಲದ ಹುಡುಗನೊಬ್ಬನು ‘ಮಳೆ ಬರುವ ತನಕ ಉಣ್ಣುವುದಿಲ್ಲ’ ಎಂದು ತಿರುಚಿ ಊರಿಗೆ ಮುಟ್ಟಿಸಿದನು. ಅಲ್ಲಿಗೆ ರಾಜುವಿನ ವಿಧಿ ನಿಶ್ಚಯವಾಯಿತು!

ಉಪವಾಸದ ಕೊನೆಯ ಬೆಳಗ್ಗೆ ರಾಜು ಇಬ್ಬರ ಆಸರೆಯಲ್ಲಿ ನೀರಿಗೆ ಇಳಿಯುತ್ತಾನೆ. ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿರುವುದು ತನ್ನ ಕಾಲಿಗೆ ತಿಳಿಯುತ್ತಿದೆ ಎನ್ನುತ್ತ ಕುಸಿಯುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮಳೆ ಬಂದಿತೇ? ರಾಜು ಸತ್ತನೇ, ಬದುಕಿದನೇ? ಅವನ ಕಾಲಿಗೆ ತಾಗಿದುದು ಹೊಸ ನೀರೋ ಹಸಿದ ದೇಹದ ಭ್ರಮೆಯೋ? ನಾರಾಯಣ್ ಹೇಳುವುದಿಲ್ಲ. ತಮ್ಮ ಊರಿನಲ್ಲಿ ಬಂದೇ ಬಂದಿದ್ದ ಮಳೆಯನ್ನು ಅವರು ತಮ್ಮ ಕಥೆಯ ಕೊನೆಯ ಪುಟದಿಂದ ಬೇಕೆಂದೇ ಹೊರಗಿಟ್ಟರು. ಮಳೆ ಸುರಿದುಬಿಟ್ಟರೆ ರಾಜು ಮಹಾತ್ಮನಾಗುತ್ತಾನೆ. ಬಾರದೇ ಹೋದರೆ ಮೋಸಗಾರನಾಗಿಯೇ ಉಳಿಯುತ್ತಾನೆ. ಎರಡರ ನಡುವೆ ಅವನು ಬರಿಯ ಮನುಷ್ಯ. ಅದಕ್ಕಾಗಿಯೇ ಇಡೀ ಪುಸ್ತಕ.

ಇಂಥ ಪುಸ್ತಕದ ಮೇಲೆ ಚಲಚ್ಚಿತ್ರದವರ ಕಣ್ಣು ಬಿದ್ದಿತು.

ಕಾದಂಬರಿಕಾರರು ಬಣ್ಣದ ಲೋಕವನ್ನು ಅರಿಯದ ಮುಗ್ಧರಾಗಿದ್ದರೆ ಮುಂದಿನ ಕಥೆ ಬೇರೆ ರೀತಿಯದಾಗುತ್ತಿತ್ತು. ನಾರಾಯಣ್ ಹಾಗಿರಲಿಲ್ಲ. ಮದರಾಸಿನ ಜೆಮಿನಿ ಸ್ಟುಡಿಯೋದ ಒಳಹೊರಗನ್ನು ಅವರು ಬಲ್ಲರು. 1947ರಲ್ಲಿ ತೆರೆಗೆ ಬಂದ ‘ಮಿಸ್ ಮಾಲಿನಿ’ ಎಂಬ ತಮಿಳು ಚಿತ್ರಕ್ಕೆ ಕಥೆ ಕೊಟ್ಟವರು ಅವರೇ. ಎರಡು ವರ್ಷಗಳ ಬಳಿಕ ಅವರು ಬರೆದ ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ಸ್ಟುಡಿಯೋ ಒಂದರ ಚಿತ್ರವೇ ಬರುತ್ತದೆ. ವಾರಪತ್ರಿಕೆಯ ಸಂಪಾದಕ ಶ್ರೀನಿವಾಸನು, ಮಾತಿನ ಮಲ್ಲನಾದ ಮುದ್ರಕ ಸಂಪತ್ತಿನ ಬೆನ್ನುಹತ್ತಿ ಹೋಗಿ, ಶಿವನು ಕಾಮನನ್ನು ಸುಟ್ಟ ಕಥೆಗೆ ಚಿತ್ರಕಥೆ ಬರೆಯಲು ಕೂರುತ್ತಾನೆ. ತನ್ನ ಪುರಾಣವು ದಿನದಿನವೂ ಕೈಜಾರುವುದನ್ನು ಕಣ್ಣಾರೆ ಕಾಣುತ್ತಾನೆ. ಕೊನೆಗೆ ಚಿತ್ರೀಕರಣದ ನಡುವೆಯೇ ಬಡ ಕಲಾವಿದನೊಬ್ಬನಿಗೆ ಬುದ್ಧಿ ಕೆಟ್ಟು ಎಲ್ಲವೂ ಅಲ್ಲೋಲಕಲ್ಲೋಲವಾಗುತ್ತದೆ. ವಿಚಿತ್ರವೆಂದರೆ, ಸಿನಿಮಾವನ್ನು ಇಷ್ಟೊಂದು ಗೇಲಿ ಮಾಡಿದ ಆ ಕಾದಂಬರಿಯನ್ನೇ ಎಸ್. ಎಸ್. ವಾಸನ್ 1952ರಲ್ಲಿ ಹಿಂದಿ ಚಿತ್ರವಾಗಿ ಮಾಡಿದರು! ಮುಂದೆ ತಮ್ಮ ಪಾಲಿಗೆ ಏನು ಕಾದಿದೆಯೆಂಬುದನ್ನು ನಾರಾಯಣ್ ಹೀಗೆ ಹದಿನೈದು ವರ್ಷ ಮೊದಲೇ ತಮಾಷೆಯಾಗಿ ಬರೆದಿಟ್ಟಿದ್ದರೆನ್ನಬೇಕು. ಆದರೂ ಪರರ ಮನೆಯ ಪೇಚನ್ನು ಕಂಡು ನಗುವುದೇ ಬೇರೆ, ತನ್ನ ಮನೆಯ ಬಾಗಿಲಿಗೆ ಅದು ಬಂದಾಗಿನ ಅನುಭವವೇ ಬೇರೆ.

ಅದು ಬಂದುದು ಬಹು ಸೌಮ್ಯವಾದ ಕಾಗದವೊಂದರ ರೂಪದಲ್ಲಿ. 1960ರ ದಶಕದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲಿಸ್ ನಗರದಿಂದ ವಿಮಾನದ ಅಂಚೆಯಲ್ಲಿ ಅದು ಮೈಸೂರಿಗೆ ತಲುಪಿತು. ತಾನು ಬೊಂಬಾಯಿಯ ನಟ, ನಿರ್ಮಾಪಕ. ತನ್ನ ಹೆಸರನ್ನು ತಾವು ಕೇಳಿರುವಿರೋ ಇಲ್ಲವೋ ಎಂದು ಬರೆದಿದ್ದವರು ದೇವ ಆನಂದ್! ದೇಶದ ಯುವಕರೆಲ್ಲ ಯಾರ ಕ್ರಾಪಿನ ಸುಳಿಯನ್ನು ಕನ್ನಡಿಯ ಮುಂದೆ ತಿದ್ದುತ್ತಿದ್ದರೋ ಅವರು ಹೀಗೆ ವಿನಯದಿಂದ ಬರೆದರೆ ಯಾರ ಮನಸ್ಸು ಕರಗದು? ನಾರಾಯಣ್ ಉತ್ಸಾಹದಿಂದಲೇ ಆಹ್ವಾನವನ್ನು ಕಳುಹಿಸಿದರು. ನಟರು ಮೈಸೂರಿಗೆ ಬಂದರು, ಮಾತುಕತೆಯಾಯಿತು, ಕಥೆ ಕೈಬದಲಾಯಿತು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕನ್ನಡನಾಡಿನ ಪ್ರತಿ ಮನೆಯಲ್ಲಿಯೂ ಕೇಳಿದ ಮಾತು. ಹೆಣ್ಣು ಕೊಟ್ಟ ತಂದೆ ಮರುದಿನವೂ ತಂದೆಯೇ. ಮಗಳಿಗೆ ಹುಳಿ ಸೇರದು, ಚಳಿಗೆ ಶಾಲು ಬೇಕು ಎಂದು ಬೀಗರಿಗೆ ಹೇಳುತ್ತಲೇ ಇರುತ್ತಾನೆ. ಬೀಗರು ತಲೆಯಾಡಿಸುತ್ತಲೇ ಇರುತ್ತಾರೆ. ಕಾದಂಬರಿಕಾರರೂ ಅದನ್ನೇ ಮಾಡಿದರು. ಚಿತ್ರ ತಯಾರಕರ ತಂಡವನ್ನು ತಾವೇ ಕರೆದುಕೊಂಡು ತಮ್ಮ ಕಥೆ ಹುಟ್ಟಿದ ನೆಲವನ್ನೆಲ್ಲ ತೋರಿಸಿದರು. ರೈಲ್ವೆ ರಾಜುವಿನ ಸೃಷ್ಟಿಕರ್ತರು ಆ ಕೆಲವು ದಿನ ಸ್ವತಃ ಗೈಡಾದರು.

ಕಾವೇರಿಯ ದಡದಲ್ಲಿ ಆಲದ ಮರದ ನೆರಳಿನ ಪುಟ್ಟ ಗುಡಿ, ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ಸ್ವಾಮಿಯಾದ ರಾಜು ಕುಳಿತುದು ಇಲ್ಲಿಯೇ ಎಂದು ಅವರು ತೋರಿಸಿದರು. ಬಂದವರು ಹಿಗ್ಗಿ ಕುಣಿದರು. ಅಲ್ಲಿ ಏನನ್ನೂ ಕಟ್ಟಬೇಕಾಗಿರಲಿಲ್ಲ, ಬಳಿಯಬೇಕಾಗಿರಲಿಲ್ಲ. ನಟರನ್ನು ಕೂರಿಸಿ ಕ್ಯಾಮೆರಾ ತಿರುಗಿಸಿದರೆ ಸಾಕು. ಬೇಸಗೆಯಲ್ಲಿ ನದಿ ಬತ್ತಿದಾಗ ಬಂದರೆ ಬರಗಾಲದ ದೃಶ್ಯಗಳೂ ಸಿದ್ಧ. ಅಲ್ಲಿಂದ ನಂಜನಗೂಡು. ಕಪಿಲೆಯಲ್ಲಿ ಮಿಂದು ಬರುವ ಯಾತ್ರಿಕರು, ಮಿಠಾಯಿ, ಆಟದ ಸಾಮಾನು, ಬಣ್ಣದ ಟೇಪು ಮಾರುವ ಸಾಲಂಗಡಿಗಳು, ನಂಜುಂಡೇಶ್ವರನ ದೊಡ್ಡ ಗೋಪುರ. ಇನ್ನು ಕೆಲವೇ ವಾರಗಳಲ್ಲಿ ಜಾತ್ರೆ. ಕಾದಂಬರಿಯ ಕೊನೆಯಲ್ಲಿ ಉಪವಾಸದ ಸ್ವಾಮಿಯನ್ನು ನೋಡಲು ಕಿಕ್ಕಿರಿದು ಬರುವ ಜನಸಾಗರ ಅಲ್ಲಿ ತಾನೇ ತಾನಾಗಿ ನೆರೆಯುತ್ತದೆ. ದಿನವನ್ನು ಗುರುತುಹಾಕಿಕೊಂಡು ಒಬ್ಬ ಛಾಯಾಗ್ರಾಹಕನನ್ನು ಕಳುಹಿಸಿದರೆ, ಕಾಸಿನ ಖರ್ಚಿಲ್ಲದೆ ಆ ದೃಶ್ಯ ದಕ್ಕುತ್ತದೆ ಎಂದು ನಾರಾಯಣ್ ಸಲಹೆಯಿತ್ತರು. ಆಗಲಿ ಎಂದು ಅಲ್ಲಿಯೇ ಅಪ್ಪಣೆಯೂ ಆಯಿತು. ದೇವಾಲಯದ ಬಾಗಿಲಲ್ಲಿ ಎಲ್ಲರೂ ಹೆಗಲ ಮೇಲೆ ಕೈಹಾಕಿ ನಗುತ್ತ ಫೋಟೋ ತೆಗೆಸಿಕೊಂಡರು. ಗೋಪಾಲಸ್ವಾಮಿ ಬೆಟ್ಟವನ್ನೂ ಹತ್ತಿದ್ದಾಯಿತು.

ಬೀಗತನ ಬಹಳ ಸೊಗಸಾಗಿ ಆರಂಭವಾಯಿತು. ಜಾತ್ರೆಯೂ ನಡೆಯಿತು, ತೇರೂ ಎಳೆಯಿತು. ಚಿತ್ರದವರು ಮಾತ್ರ ಬರಲಿಲ್ಲ.

ಚಿತ್ರೀಕರಣವು ರಾಜಸ್ಥಾನಕ್ಕೆ ಹೋಗಿತ್ತು. ವರ್ಣಚಿತ್ರಕ್ಕೆ, ಅಗಲವಾದ ತೆರೆಗೆ ಇನ್ನಷ್ಟು ವೈಭವದ ಹಿನ್ನೆಲೆ ಬೇಕೆಂಬುದು ಅವರ ವಾದ. ಉದಯಪುರದ ಸರೋವರಗಳು, ಅರಮನೆಗಳು, ರಂಗುರಂಗಿನ ಪೇಟಗಳು ತೆರೆಯ ಮೇಲೆ ಎಷ್ಟು ಚೆನ್ನ! ಮಾಲ್ಗುಡಿ ಅಲ್ಲಿಲ್ಲವಲ್ಲ ಎಂದು ಲೇಖಕರು ತಡವರಿಸಿದಾಗ, ಅವರಿಗೆ ಸಿಕ್ಕ ಉತ್ತರಕ್ಕೆ ಪ್ರತ್ಯುತ್ತರವಿರಲಿಲ್ಲ: ಮಾಲ್ಗುಡಿ ಹೇಗೂ ಕಲ್ಪನೆಯ ಊರು, ಅದು ಎಲ್ಲಿದ್ದರೇನು?

ತರ್ಕದಲ್ಲಿ ಇದು ಸರಿ. ನಕ್ಷೆಯಲ್ಲಿ ಮಾಲ್ಗುಡಿ ಎಲ್ಲಿಯೂ ಇಲ್ಲ. ಆದರೆ ಕಲ್ಪನೆಯ ಊರಿಗೂ ಹುಟ್ಟಿದ ದಿನವೊಂದಿದೆ. 1930ರ ವಿಜಯದಶಮಿಯಂದು, ಅಜ್ಜಿ ನೋಡಿಕೊಟ್ಟ ಶುಭಮುಹೂರ್ತದಲ್ಲಿ, ಬೆಂಗಳೂರಿನಲ್ಲಿ ಒಂದು ನೋಟ್‌ಪುಸ್ತಕವನ್ನು ಬಿಡಿಸಿಕೊಂಡು ಕುಳಿತ ತರುಣನ ಕಣ್ಣಿಗೆ ಮೊದಲು ಹೊಳೆದುದು ಒಂದು ಚಿಕ್ಕ ರೈಲ್ವೆ ನಿಲ್ದಾಣ. ಊರು ಬೆಳೆದುದು ಆ ನಿಲ್ದಾಣದ ಸುತ್ತ. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂದಿತು. ಅಲ್ಲಿಂದ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಒಂದೊಂದು ಬೀದಿ, ಒಂದೊಂದು ಅಂಗಡಿ, ಸರಯೂ ಎಂಬ ನದಿ, ಮೆಂಪಿ ಎಂಬ ಬೆಟ್ಟ ಕೂಡಿಕೊಂಡವು. ಮೂವತ್ತು ವರ್ಷ ಒಬ್ಬನು ಪ್ರತಿದಿನ ಬೆಳಗ್ಗೆ ಎದ್ದು ಓಡಾಡಿದ ಊರನ್ನು ಇಲ್ಲದ ಊರೆನ್ನಲಾದೀತೆ? ಸಣ್ಣ ಸಾಲ, ಸಣ್ಣ ಆಸೆ, ಸಣ್ಣ ಸುಳ್ಳುಗಳ ಊರು ಅದು. ರಾಜುವಿನಂಥವನು ಅಲ್ಲಿ ಮಾತ್ರ ಹುಟ್ಟಬಲ್ಲನು. ಅರಮನೆಗಳ ನಡುವೆ ಅವನನ್ನು ನಿಲ್ಲಿಸಿದರೆ ಅವನ ಸುಳ್ಳುಗಳಿಗೂ ಅರಮನೆಯ ಗಾತ್ರ ಬೇಕಾಗುತ್ತದೆ.

ಹಾಗೆಯೇ ಆಯಿತು. ಒಂದು ಚಿತ್ರದ ಬದಲು ಎರಡು ಚಿತ್ರಗಳು ತಯಾರಾಗತೊಡಗಿದವು. ಅಮೆರಿಕದ ಪ್ರೇಕ್ಷಕರಿಗೆ ಇಂಗ್ಲಿಷಿನಲ್ಲೊಂದು, ನಮ್ಮ ದೇಶಕ್ಕೆ ಹಿಂದಿಯಲ್ಲೊಂದು. ಇಂಗ್ಲಿಷ್ ಚಿತ್ರದ ನಿರ್ದೇಶಕರು ಟ್ಯಾಡ್ ಡೇನಿಯಲೆವ್‌ಸ್ಕಿ. ಚಿತ್ರಕಥೆಯಲ್ಲಿ ಕೈಯಿಟ್ಟವರು 1938ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪರ್ಲ್ ಬಕ್. ತಮ್ಮ ‘ದಿ ಗುಡ್ ಅರ್ಥ್’ ಕಾದಂಬರಿ 1937ರಲ್ಲಿ ಚಿತ್ರವಾದುದನ್ನು ಕಂಡಿದ್ದ ಆಕೆಗೂ ಕಥೆ ಕೊಟ್ಟವರ ಸಂಕಟ ತಿಳಿಯದುದೇನಲ್ಲ. ಹಿಂದಿ ಚಿತ್ರವನ್ನು ವಿಜಯ ಆನಂದ್ ನಿರ್ದೇಶಿಸಿದರು. ಹೊರದೇಶದವರ ಕಣ್ಣಿಗೆ ಭಾರತ ಹೇಗೆ ಕಾಣಬೇಕೆಂಬ ಲೆಕ್ಕಾಚಾರದಲ್ಲಿ ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲದ ಹುಲಿಯ ಕಾಳಗವೊಂದನ್ನು ಸಹ ತೆಗೆದರು. ಹುಲಿಯೇಕೆ ಎಂದು ಕೇಳಿದ ಲೇಖಕರಿಗೆ ಸಮಾಧಾನ ಹೇಳಿದರು. ಈ ಅನುಭವವನ್ನೆಲ್ಲ ನಾರಾಯಣ್ ಮುಂದೆ ಅಮೆರಿಕದ ‘ಲೈಫ್’ ಪತ್ರಿಕೆಗೆ ಒಂದು ಲೇಖನವಾಗಿ ಬರೆದರು. ‘ಮಿಸ್‌ಗೈಡೆಡ್ ಗೈಡ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆ ಬರಹದಲ್ಲಿ ಅವರು ಎಲ್ಲಿಯೂ ದನಿಯೆತ್ತುವುದಿಲ್ಲ. ತಮ್ಮ ಕಾದಂಬರಿಗಳಲ್ಲಿ ಇತರರನ್ನು ಕಂಡ ಕಣ್ಣಿನಿಂದಲೇ ತಮ್ಮನ್ನೂ ಕಂಡಿದ್ದಾರೆ. ಓದುವವರು ನಕ್ಕು ಮುಗಿಸಿದ ಮೇಲೆಯೇ ಅದರ ಕೆಳಗಿರುವ ನೋವು ಅರಿವಾಗುವುದು.

ಆ ನೋವಿನ ಮುಖ್ಯ ಕಾರಣ ಹುಲಿಯಲ್ಲ, ಉದಯಪುರವೂ ಅಲ್ಲ ಎನಿಸುತ್ತದೆ. ಹಿಂದಿ ಚಿತ್ರದ ಕೊನೆಯನ್ನು ನೆನೆಸಿಕೊಳ್ಳಬೇಕು. ರಾಜುವಿನ ತಾಯಿ ಬರುತ್ತಾಳೆ; ಕಾದಂಬರಿಯಲ್ಲಿ ಮರಳಿ ಬಾರದ ರೋಸಿಯೂ ಬರುತ್ತಾಳೆ. ರಾಜುವಿನ ದೇಹವೂ ಆತ್ಮವೂ ಎದುರುಬದುರಾಗಿ ನಿಂತು ವಾದಿಸುತ್ತವೆ. ಆಮೇಲೆ ಆಕಾಶ ಕಪ್ಪಾಗುತ್ತದೆ, ಗುಡುಗುತ್ತದೆ, ಮಳೆ ಸುರಿಯುತ್ತದೆ. ಸಾವಿರಾರು ಜನ ನೀರಿನಲ್ಲಿ ಕುಣಿಯುತ್ತಾರೆ. ಗುಡಿಯ ಒಳಗೆ ರಾಜು ಪ್ರಾಣ ಬಿಟ್ಟಿದ್ದಾನೆ. ಪ್ರಶ್ನೆ ಉಳಿಯುವುದಿಲ್ಲ. ಮಳೆ ಬಂದಿತು, ರಾಜು ಸಂತನಾದನು.

ಬರ್ಕ್ಲಿಯ ಕೋಣೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಕುಳಿತು ತಡೆಹಿಡಿದಿದ್ದ ಮಳೆ ಅದು. ತೆರೆಯ ಮೇಲೆ ಅದು ಒಂದೇ ಗಳಿಗೆಯಲ್ಲಿ ಬಿದ್ದುಹೋಯಿತು.

ಹಾಗೆಂದು ಚಿತ್ರದವರನ್ನು ಅರಸಿಕರೆಂದು ದೂರುವುದು ನ್ಯಾಯವಾಗದು. ಪುಸ್ತಕವನ್ನು ಓದುವವನು ಒಬ್ಬನೇ ಕುಳಿತಿರುತ್ತಾನೆ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅರ್ಧ ಗಂಟೆ ಯೋಚಿಸಿದರೂ ಅವನನ್ನು ಏಳಿಸುವವರಿಲ್ಲ. ಚಿತ್ರಮಂದಿರದಲ್ಲಿ ಸಾವಿರ ಜನ ಮೂರು ಗಂಟೆ ಕಾಲ ರಾಜುವಿನೊಡನೆ ಬಾಯಾರಿ ಕುಳಿತಿರುತ್ತಾರೆ. ಅವರಲ್ಲಿ ತಮ್ಮ ಊರಿನ ಬರವನ್ನು ಕಣ್ಣಾರೆ ಕಂಡವರಿರುತ್ತಾರೆ. ಟಿಕೆಟಿನ ಹಣ ಕೊಟ್ಟು ಬಂದವರನ್ನು ಮಳೆ ಬಂದಿತೋ ಇಲ್ಲವೋ ತಿಳಿಸದೆ ಮನೆಗೆ ಕಳುಹಿಸುವ ಧೈರ್ಯ ಎಷ್ಟು ನಿರ್ಮಾಪಕರಿಗಿದ್ದೀತು? ಅಲ್ಲದೆ ಕ್ಯಾಮೆರಾ ಎಂಬ ಯಂತ್ರದ ಸ್ವಭಾವವೇ ಹಾಗೆ. ‘ಬೆಟ್ಟದಲ್ಲಿ ಮಳೆಯಾಗುತ್ತಿದೆ’ ಎಂದು ರಾಜು ಹೇಳಿದೊಡನೆ ಅದು ಬೆಟ್ಟದ ಕಡೆಗೆ ತಿರುಗಬೇಕು; ತಿರುಗಿದರೆ ಅಲ್ಲಿ ಮೋಡ ಇರಬೇಕು, ಇಲ್ಲವೇ ಇರಬಾರದು. ಶಬ್ದಕ್ಕಿರುವ ಮೌನದ ಅನುಕೂಲ ಕಣ್ಣಿಗಿಲ್ಲ. ಮತ್ತೂ ಒಂದು ಮಾತು: ನಿಜವಾದ ಮೈಸೂರಿನಲ್ಲಿಯೂ ಹನ್ನೆರಡನೆಯ ದಿನ ಮಳೆ ಬಂದೇ ಬಂದಿತ್ತಲ್ಲ! ಚಿತ್ರದವರು ಅರಿಯದೆಯೇ ಕಥೆಯನ್ನು ಅದು ಹೊರಟ ಜಾಗಕ್ಕೆ ಮರಳಿ ಒಯ್ದರು.

ಪ್ರೇಕ್ಷಕರಂತೂ ಆ ಮಳೆಯಲ್ಲಿ ತೃಪ್ತಿಯಿಂದ ನೆನೆದರು. 1965ರ ಆ ಹಿಂದಿ ಚಿತ್ರದಲ್ಲಿ ಎಸ್. ಡಿ. ಬರ್ಮನ್ ಅವರ ಸಂಗೀತವಿತ್ತು, ಶೈಲೇಂದ್ರರ ಸಾಹಿತ್ಯವಿತ್ತು, ವಹೀದಾ ರೆಹಮಾನರ ನೃತ್ಯವಿತ್ತು. ಆ ಹಾಡುಗಳನ್ನು ಇಂದಿಗೂ ಗುನುಗುವವರಿದ್ದಾರೆ. 1967ರಲ್ಲಿ ಅದಕ್ಕೆ ಏಳು ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ಅವುಗಳಲ್ಲಿ ಅತ್ಯುತ್ತಮ ಕಥೆಯ ಪ್ರಶಸ್ತಿ ಯಾರಿಗೆ? ಆರ್. ಕೆ. ನಾರಾಯಣರಿಗೆ! ತನ್ನ ಕಥೆ ಇದಲ್ಲವೆಂದು ಲೋಕಕ್ಕೆಲ್ಲ ಸಾರಿದವನಿಗೆ, ಕಥೆ ಬಹಳ ಚೆನ್ನಾಗಿದೆಯೆಂದು ಲೋಕ ಬಹುಮಾನವಿತ್ತಿತು. ಇಂಥ ಸನ್ನಿವೇಶವನ್ನು ಮಾಲ್ಗುಡಿಯ ಕಥೆಯೊಂದರಲ್ಲಿ ಓದಿದ್ದರೆ, ಇದು ನಾರಾಯಣರದೇ ಕೈಚಳಕವೆಂದು ಯಾರಾದರೂ ಹೇಳುತ್ತಿದ್ದರು.

ಅವರ ಕೈಚಳಕ ಇನ್ನೂ ಒಂದಿದೆ. ಉಪವಾಸದ ಸ್ವಾಮಿಯನ್ನು ನೋಡಲು ಬಂದ ಗುಂಪಿನಲ್ಲಿ, ಕಾದಂಬರಿಯ ಕೊನೆಯ ಪುಟಗಳಲ್ಲಿ, ಮೆಲೋನ್ ಎಂಬ ಅಮೆರಿಕನ್ನನೊಬ್ಬನಿದ್ದಾನೆ. ಅವನು ದೀಪಗಳನ್ನೂ ಯಂತ್ರಗಳನ್ನೂ ತಂದು ಸಾಯಲಿರುವ ರಾಜುವಿನ ಮೇಲೆ ಬೆಳಕು ಚೆಲ್ಲಿ, ಕ್ಯಾಮೆರಾ ಹಿಡಿದು, ನಗುನಗುತ್ತ ಪ್ರಶ್ನೆ ಕೇಳುತ್ತಾನೆ. ಕೆಟ್ಟವನೇನಲ್ಲ, ತನ್ನ ಕೆಲಸ ಮಾಡುವವನು. ಎಲ್ಲವೂ ಅವನ ಯಂತ್ರಕ್ಕೆ ಸಿಕ್ಕುತ್ತದೆ: ಗುಡಿ, ಜನ, ಉಪವಾಸಿಯ ಮುಖ. ಆದರೆ ಆ ಮನುಷ್ಯನ ಒಳಗೆ ಏನು ನಡೆಯುತ್ತಿದೆಯೆಂಬುದು ಸಿಕ್ಕುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ತನಗೇನೂ ಲಾಭವಿಲ್ಲದ ಕೆಲಸವೊಂದನ್ನು ಮನಸ್ಸಿಟ್ಟು ಮಾಡಲು ಹೊರಟ ಮೋಸಗಾರನ ಆ ಹೊಸ ಸುಖ ಓದುಗನಿಗೆ ಮಾತ್ರ ಗೊತ್ತು. ಲಾಸ್ ಏಂಜಲಿಸಿನಿಂದ ಕಾಗದ ಬರುವುದಕ್ಕೆ ಎಷ್ಟೋ ಮೊದಲೇ ಕಾದಂಬರಿ ತನ್ನ ಭವಿಷ್ಯವನ್ನು ತಾನೇ ಬರೆದುಕೊಂಡಿತ್ತು.

ಈ ಸಂಕಟ ಒಬ್ಬರದೇ ಅಲ್ಲ. ಕನ್ನಡದಲ್ಲಿ ತ. ರಾ. ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ಮಾಡಿದಾಗ ಊರಿಗೂರೇ ಮುಗಿಬಿದ್ದು ನೋಡಿತು. ಕಾದಂಬರಿಕಾರರಿಗೆ ಮಾತ್ರ ತಮ್ಮ ನಾಗರಹಾವು ಕೆರೆಹಾವಾಗಿ ಕಂಡಿತೆಂಬ ಮಾತು ಇಂದಿಗೂ ಜನರ ನಾಲಗೆಯ ಮೇಲಿದೆ. ಚಿತ್ರ ಗೆದ್ದಷ್ಟೂ ಲೇಖಕನ ಮಾತು ಹಟದಂತೆ ಕೇಳಿಸುತ್ತದೆ. ಸೋತ ಚಿತ್ರದ ಬಗೆಗೆ ದೂರಿದರೆ ಲೋಕ ತಲೆದೂಗುತ್ತದೆ. ಗೆದ್ದ ಚಿತ್ರದ ಬಗೆಗೆ ದೂರುವ ಲೇಖಕನು ಮದುವೆಮನೆಯಲ್ಲಿ ಅಳುವ ಮುದುಕನಂತೆ ಒಂಟಿಯಾಗುತ್ತಾನೆ.

ನಾರಾಯಣ್ ಆ ಒಂಟಿತನದಲ್ಲಿಯೇ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ಅವರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿ 1983ರಲ್ಲಿ ಟಿ. ಎಸ್. ನಾಗಾಭರಣರ ಕೈಯಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ನಾಗಿ ಕನ್ನಡವಾಡಿತು. ಲೋಕೇಶ್ ಮಾರ್ಗಯ್ಯನಾದರು. 1980ರ ದಶಕದ ನಡುವಿನಲ್ಲಿ ಶಂಕರನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ತೆಗೆದರು. ಭಾಷೆ ಹಿಂದಿ, ನೆಲ ಆಗುಂಬೆ. ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬ ಪುಟ್ಟ ನಿಲ್ದಾಣ ಮಾಲ್ಗುಡಿಯ ರೈಲ್ವೆ ನಿಲ್ದಾಣವಾಯಿತು. ಹುಡುಗ ಮಂಜುನಾಥ ಸ್ವಾಮಿಯಾದನು. ಲೇಖಕರ ತಮ್ಮ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು ಪ್ರತಿ ಕಂತಿನಲ್ಲಿಯೂ ಮೊದಲು ಕಾಣಿಸಿಕೊಂಡವು. ಕಥೆಗೆ ನಿಷ್ಠರಾಗಿ ನಡೆದುದಕ್ಕಾಗಿ ನಾರಾಯಣ್ ತಯಾರಕರನ್ನು ಮೆಚ್ಚಿಕೊಂಡರು.

ಇಲ್ಲಿ ಯೋಚಿಸತಕ್ಕ ವಿಷಯವೊಂದಿದೆ. ಆಗುಂಬೆಯೂ ಮೈಸೂರಲ್ಲ. ಅಲ್ಲಿ ಕಾವೇರಿಯಿಲ್ಲ, ನಂಜನಗೂಡಿನ ಜಾತ್ರೆಯಿಲ್ಲ. ಬರಗಾಲವಂತೂ ದೂರದ ಮಾತು. ದಕ್ಷಿಣದ ಚಿರಾಪುಂಜಿಯೆಂದೇ ಹೆಸರಾದ ಮಳೆಯ ಊರು ಅದು. ಭಾಷೆಯೂ ಹಿಂದಿಯೇ. ಆದರೂ ತಂದೆಗೆ ಮಗಳ ಗುರುತು ಸಿಕ್ಕಿತು. ಹಾಗಿದ್ದರೆ ಉದಯಪುರದಲ್ಲಿ ಸಿಕ್ಕದೆ ಹೋದುದಕ್ಕೆ ಊರು ಬದಲಾದುದೊಂದೇ ಕಾರಣವಾಗಿರಲಾರದು. ಆಗುಂಬೆಯ ದೊಡ್ಡಮನೆಯ ಜಗಲಿಯಲ್ಲಿ, ಶಾಲೆಯ ಮುರುಕು ಬೆಂಚಿನಲ್ಲಿ, ರೈಲು ಬಾರದ ಹೊತ್ತಿನಲ್ಲಿ ತೂಕಡಿಸುವ ನಿಲ್ದಾಣದಲ್ಲಿ ಮಾಲ್ಗುಡಿಯ ಅಳತೆ ಉಳಿದಿತ್ತು. ಸಣ್ಣದನ್ನು ಸಣ್ಣದಾಗಿಯೇ ಇರಗೊಟ್ಟರು. ಹೇಳದೆ ಬಿಟ್ಟುದನ್ನು ಹೇಳಹೋಗಲಿಲ್ಲ. ಸಿನಿಮಾಕ್ಕೆ ಕೊಟ್ಟ ಕಥೆಯಲ್ಲಿ ಲೇಖಕನು ಉಳಿಸಿಕೊಳ್ಳಲು ಹಾತೊರೆಯುವುದು ಇಷ್ಟನ್ನೇ ಇರಬೇಕು. ಪಾತ್ರದ ಹೆಸರು ಬದಲಾಗಲಿ, ಹಾಡು ಸೇರಲಿ, ಊರು ಬೇರೆಯಾಗಲಿ. ತಾನು ಮೌನವಾಗಿದ್ದ ಜಾಗದಲ್ಲಿ ಇತರರು ಮಾತಾಡದಿರಲಿ.

2001ರ ಮೇ 13ರಂದು ನಾರಾಯಣ್ ಚೆನ್ನೈಯಲ್ಲಿ ತೀರಿಕೊಂಡರು. ಮೈಸೂರಿನ ಯಾದವಗಿರಿಯ ಅವರ ಮನೆ ಒಮ್ಮೆ ನೆಲಸಮವಾಗುವುದರಲ್ಲಿದ್ದು, ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವೂ 2020ರಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಾಯಿತು. ಊರೇ ಅಲ್ಲದ ಊರಿಗೆ ನಿಜವಾದ ಜನ ಟಿಕೆಟ್ ಕೊಂಡು ಹೋಗಿಬರುವ ಕಾಲ ಬಂದಿತು.

‘ಗೈಡ್’ ಚಿತ್ರವನ್ನು ಹಲವು ಸಲ ನೋಡಿ, ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದ ಮನೆಗಳು ಬಹಳ ಇವೆ. ಅಂಥ ಮನೆಯಲ್ಲಿ ಯಾರಾದರೊಬ್ಬರು ಇನ್ನೂರು ಚಿಲ್ಲರೆ ಪುಟಗಳ ಆ ಪುಸ್ತಕವನ್ನು ತಂದು ಓದಿ, ಕೊನೆಯ ಪುಟಕ್ಕೆ ಬಂದು ನಿಂತರೆ, ಊಟದ ಹೊತ್ತಿನಲ್ಲಿ ಒಂದು ಸಣ್ಣ ಜಗಳ ಏಳುವುದು ಖಂಡಿತ. ಮಳೆ ಬಂದಿತೆಂದು ಅಜ್ಜಿ ಹೇಳಿಯಾಳು; ಇಲ್ಲವೆಂದು ಕಾಲೇಜಿಗೆ ಹೋಗುವ ಮೊಮ್ಮಗ ವಾದಿಸಿಯಾನು; ರಾಜು ಹಾಗೆ ನಂಬಿದನಲ್ಲ, ಅಷ್ಟು ಸಾಲದೆ ಎಂದು ಮನೆಯ ಸೊಸೆ ಮೆಲ್ಲಗೆ ಕೇಳಿಯಾಳು. ಮೂವರ ಮಾತಿಗೂ ಪುಸ್ತಕದಲ್ಲಿ ಆಧಾರವಿದೆ.